ನಾಲ್ಕು ಯುದ್ಧಗಳೋ, ಒಂದೇ ಯುದ್ಧವೋ? ವಿಶ್ವಕೋಶದ ಪುಟಗಳಲ್ಲಿ ಮೈಸೂರು

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನರು ಹೋರಾಡುತ್ತಲೇ ಮಡಿದರು. ಇದು ಒಂದು ದಿನದ ಒಂದು ಘಟನೆ. ಆದರೆ ದೊಡ್ಡ ವಿಶ್ವಕೋಶವೊಂದನ್ನು ತೆರೆದರೆ ಇದೇ ಘಟನೆ ಟಿಪ್ಪುವಿನ ಜೀವನಚರಿತ್ರೆಯಲ್ಲಿ ಒಮ್ಮೆ, ‘ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧ’ ಎಂಬಲ್ಲಿ ಇನ್ನೊಮ್ಮೆ, ‘ಶ್ರೀರಂಗಪಟ್ಟಣದ ಮುತ್ತಿಗೆ’ ಎಂಬಲ್ಲಿ ಮತ್ತೊಮ್ಮೆ ಬರುತ್ತದೆ. ಊರಿನ ಪರಿಚಯದಲ್ಲೂ ವೆಲ್ಲೆಸ್ಲಿಯ ಕುರಿತ ಬರಹದಲ್ಲೂ ಅದನ್ನು ಬಿಡುವಂತಿಲ್ಲ. ಒಂದೇ ಕತೆಯನ್ನು ಐದು ಮಂದಿ ಐದು ಕಡೆ ಹೇಳಿದಾಗ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿರುವುದೇ. ಒಂದೆಡೆ ತಪ್ಪು ತಿದ್ದಿದರೆ ಉಳಿದ ನಾಲ್ಕು ಕಡೆ ಅದು ಹಾಗೆಯೇ ಉಳಿಯುತ್ತದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಹಾಗಾದರೆ ಇವನ್ನೆಲ್ಲ ಒಟ್ಟುಗೂಡಿಸಿ ಒಂದೇ ಲೇಖನ ಮಾಡಿಬಿಡಬಾರದೇ? ವಿಶ್ವಕೋಶದ ಸಂಪಾದಕರ ಮುಂದೆ ಪದೇ ಪದೇ ಬರುವ ಪ್ರಶ್ನೆ ಇದು. ಮೇಲ್ನೋಟಕ್ಕೆ ಇದು ಗುಮಾಸ್ತರ ಕೆಲಸದಂತೆ ಕಾಣುತ್ತದೆ. ಆದರೆ ಯಾವ ಘಟನೆಯನ್ನು ಯಾವುದರೊಳಗೆ ಸೇರಿಸುತ್ತೇವೆ ಎಂಬುದರ ಮೇಲೆಯೇ ಆ ಘಟನೆಯ ಅರ್ಥ ನಿಂತಿದೆ. ಮೈಸೂರಿನ ಯುದ್ಧಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಅಚ್ಚಿನ ವಿಶ್ವಕೋಶಗಳ ಕಾಲದಲ್ಲಿ ಈ ತೊಡಕು ಬೇರೊಂದು ರೂಪದಲ್ಲಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳು ಹೊರಬರಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂಥ ಅಕಾರಾದಿ ಗ್ರಂಥದಲ್ಲಿ ಯುದ್ಧಕ್ಕೆ ‘ಆಂಗ್ಲೋ-ಮೈಸೂರು’ ಎಂದು ಹೆಸರಿಟ್ಟರೆ ಅದು ಆರಂಭದ ಸಂಪುಟಕ್ಕೆ ಹೋಗುತ್ತದೆ, ‘ಮೈಸೂರು ಯುದ್ಧಗಳು’ ಎಂದರೆ ಎಷ್ಟೋ ವರ್ಷಗಳ ಅನಂತರದ ಸಂಪುಟಕ್ಕೆ. ಒಮ್ಮೆ ಅಚ್ಚಾದ ಮೇಲೆ ಸೇರಿಸುವುದೂ ಇಲ್ಲ, ಬಿಡಿಸುವುದೂ ಇಲ್ಲ; ‘ನೋಡಿ’ ಎಂದು ಬೆರಳು ತೋರಿಸುವುದಷ್ಟೇ ದಾರಿ. ಅಂತರ್ಜಾಲದ ವಿಕಿಪೀಡಿಯ ಬಂದ ಮೇಲೆ ಈ ಅಡ್ಡಿ ಇಲ್ಲವಾಯಿತು. ಅಲ್ಲಿ ಯಾರು ಬೇಕಾದರೂ ಎರಡು ಲೇಖನಗಳನ್ನು ವಿಲೀನಗೊಳಿಸುವ ಸಲಹೆ ಮುಂದಿಡಬಹುದು, ಚರ್ಚೆ ನಡೆದು ಒಮ್ಮತ ಮೂಡಿದರೆ ಒಂದನ್ನು ಇನ್ನೊಂದರಲ್ಲಿ ಸೇರಿಸಬಹುದು. ಹಳೆಯ ಹೆಸರಿನಲ್ಲಿ ಹುಡುಕಿ ಬಂದವರನ್ನು ಹೊಸ ಪುಟಕ್ಕೆ ಕರೆದೊಯ್ಯುವ ವ್ಯವಸ್ಥೆಯೂ ಇದೆ. ಹೀಗೆ ಕೆಲಸ ಸುಲಭವಾಗಿದೆ. ಸುಲಭವಾದದ್ದರಿಂದಲೇ ಹೆಚ್ಚು ಯೋಚಿಸಬೇಕಾಗಿದೆ.

ಹೆಸರು ಒಂದಾದರೆ ಘಟನೆ ಒಂದಲ್ಲ

ಮೊದಲು ಸಣ್ಣ ತೊಡಕುಗಳನ್ನು ನೋಡೋಣ. ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಕರ್ನಲ್ ಬೈಲಿಯ ಪಡೆ ಹೈದರಲಿ ಮತ್ತು ಟಿಪ್ಪುವಿನ ಕೈಯಲ್ಲಿ ಸಂಪೂರ್ಣವಾಗಿ ಸೋತಿತು. ಭಾರತದಲ್ಲಿ ಕಂಪನಿ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಸೋಲುಗಳಲ್ಲಿ ಅದೊಂದು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಕಾಳಗದ ದೊಡ್ಡ ಚಿತ್ರವನ್ನು ಇಂದಿಗೂ ನೋಡಬಹುದು. ಇನ್ನೊಂದು ವರ್ಷ ತುಂಬುವ ಮೊದಲೇ, 1781ರ ಆಗಸ್ಟ್ 27ರಂದು, ಅದೇ ಪೊಳ್ಳಿಲೂರಿನ ನೆಲದಲ್ಲಿ ಹೈದರನಿಗೂ ಸರ್ ಐರ್ ಕೂಟನಿಗೂ ಇನ್ನೊಂದು ಕಾಳಗ ನಡೆಯಿತು. ಅದನ್ನು ಇಂಗ್ಲಿಷರು ತಮ್ಮ ಗೆಲುವೆಂದು ಬರೆದುಕೊಂಡರು. ತಲೆಬರಹ ಮಾತ್ರ ನೋಡಿ ‘ಪೊಳ್ಳಿಲೂರು ಕಾಳಗ’ ಎಂಬ ಎರಡು ಲೇಖನಗಳನ್ನು ಅವಸರದಲ್ಲಿ ಒಂದು ಮಾಡಿದರೆ ಒಂದರ ಸೋಲು ಇನ್ನೊಂದರ ಗೆಲುವಿನಲ್ಲಿ ಕರಗಿಹೋಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಅರ್ಥವೇ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಡಕೂ ಇದೆ. 1781ರ ಜುಲೈ 1ರ ಕಾಳಗವನ್ನು ಇಂಗ್ಲಿಷ್ ಗ್ರಂಥಗಳು ಪೋರ್ಟೊ ನೋವೊ ಎನ್ನುತ್ತವೆ. ಅದೇ ಊರು ತಮಿಳರಿಗೆ ಪರಂಗಿಪೇಟೆ, ಪಾರ್ಸಿ ಬಲ್ಲವರಿಗೆ ಮಹಮೂದ್ ಬಂದರ್. ಕೊಡಗಿನ ಗಡಿಯಲ್ಲಿ 1799ರ ಮಾರ್ಚ್ 6ರಂದು ಟಿಪ್ಪುವಿಗೂ ಬೊಂಬಾಯಿಯ ಪಡೆಗೂ ನಡೆದ ಕಾಳಗದ ಸ್ಥಳ ನಮ್ಮ ಬಾಯಲ್ಲಿ ಸಿದ್ದೇಶ್ವರ, ಇಂಗ್ಲಿಷರ ಕಾಗುಣಿತದಲ್ಲಿ ಸೀಡಾಸೀರ್. ಇವುಗಳ ಮೇಲೆ ಕಾಲಗಣನೆಯ ಗೊಂದಲವೂ ಸೇರುತ್ತದೆ. ಟಿಪ್ಪು ತನ್ನ ಆಡಳಿತಕ್ಕೆ ಮೌಲೂದಿ ಎಂಬ ಹೊಸ ವರ್ಷಗಣನೆಯನ್ನೇ ತಂದಿದ್ದನು. ಆಗಿನ ಪಾರ್ಸಿ ಬರಹಗಳಲ್ಲಿ ಹಿಜ್ರಿ ತಾರೀಕುಗಳಿವೆ. ಕಂಪನಿಯ ಕಾಗದಗಳಲ್ಲಿ ಕ್ರಿಸ್ತಶಕ. ಹೀಗೆ ಒಂದೇ ಘಟನೆ ಎರಡು ಹೆಸರಿನಲ್ಲಿ, ಎರಡು ತಾರೀಕಿನಲ್ಲಿ ಎರಡು ಲೇಖನವಾಗಿ ನಿಂತಿದ್ದರೆ ಅವನ್ನು ಸೇರಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಕಷ್ಟವಿರುವುದು ಇಲ್ಲಲ್ಲ, ಮುಂದೆ.

ಯಾರು ಯಾರ ಪಕ್ಷ?

1767ರಿಂದ 1799ರವರೆಗೆ ಮೂವತ್ತೆರಡು ವರ್ಷಗಳಲ್ಲಿ ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಾಲ್ಕು ಯುದ್ಧಗಳು ನಡೆದವು: 1767-69, 1780-84, 1790-92, 1799. ಶಾಲೆಯ ಮಕ್ಕಳೂ ಇವನ್ನು ಬಾಯಿಪಾಠ ಮಾಡಿರುತ್ತಾರೆ. ಎದುರಾಳಿಗಳು ಅವರೇ, ನಾಡು ಅದೇ, ಒಂದರ ಬೆನ್ನಿಗೆ ಇನ್ನೊಂದು ಬಂದಿದೆ, ಆದ್ದರಿಂದ ಒಂದೇ ಲೇಖನ ಸಾಕು ಎನ್ನುವವರ ವಾದ ಹುರುಳಿಲ್ಲದ್ದಲ್ಲ. ಒಂದು ಯುದ್ಧ ಹೇಗೆ ಮುಗಿಯಿತೆಂದು ತಿಳಿಯದೆ ಮುಂದಿನದು ಏಕೆ ಹುಟ್ಟಿತೆಂದು ತಿಳಿಯುವುದಿಲ್ಲ.

ಆದರೆ ವಿಶ್ವಕೋಶದ ಯುದ್ಧಲೇಖನದ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಮಾಹಿತಿ ಚೌಕ ಇರುತ್ತದೆ. ಎಡಕ್ಕೆ ಒಂದು ಪಕ್ಷ, ಬಲಕ್ಕೆ ಇನ್ನೊಂದು. ನಾಲ್ಕು ಯುದ್ಧಗಳನ್ನು ಸೇರಿಸಿ ಆ ಚೌಕವನ್ನು ತುಂಬಲು ಹೊರಟರೆ ಸಂಪಾದಕನ ಲೇಖನಿ ಅಲ್ಲಿಯೇ ನಿಲ್ಲುತ್ತದೆ. ಹೈದರಾಬಾದಿನ ನಿಜಾಮ 1767ರಲ್ಲಿ ಕಂಪನಿಯ ಜೊತೆ ಹೊರಟು, ದಾರಿಯಲ್ಲಿ ಹೈದರನ ಪಕ್ಷ ಸೇರಿ, ಚೆಂಗಮ ಮತ್ತು ತಿರುವಣ್ಣಾಮಲೈ ಕಾಳಗಗಳಾದ ಬಳಿಕ 1768ರಲ್ಲಿ ಮತ್ತೆ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡನು. ಒಂದೇ ಯುದ್ಧದಲ್ಲಿ ಅವನನ್ನು ಎರಡೂ ಕಡೆ ಬರೆಯಬೇಕು! 1780ರಲ್ಲಿ ಹೈದರ್, ಮರಾಠರು, ನಿಜಾಮ ಮೂವರೂ ಕಂಪನಿಯ ವಿರುದ್ಧ ಒಂದಾಗಿದ್ದರು. ಹತ್ತೇ ವರ್ಷಗಳಲ್ಲಿ ಮರಾಠರೂ ನಿಜಾಮನೂ ಕಂಪನಿಯ ಜೊತೆ ಕೂಡಿ ಟಿಪ್ಪುವಿನ ಮೇಲೆ ಬಂದರು. 1799ರಲ್ಲಿ ನಿಜಾಮ ಕಂಪನಿಯ ಜೊತೆಗಿದ್ದ, ಪೇಶ್ವೆ ಹೊರಗುಳಿದ. ಯಾವುದನ್ನು ಎಡಕ್ಕೆ ಬರೆಯೋಣ, ಯಾವುದನ್ನು ಬಲಕ್ಕೆ?

ಇದು ಚೌಕದ ತೊಂದರೆ ಮಾತ್ರವಲ್ಲ. ನಾಲ್ಕನ್ನೂ ಒಂದು ಮಾಡಿದಾಗ ಕತೆಯ ದಿಕ್ಕೇ ಬದಲಾಗುತ್ತದೆ. ಒಂದು ಲೇಖನಕ್ಕೆ ಒಂದು ಆರಂಭ, ಒಂದು ಅಂತ್ಯ ಇರಬೇಕಷ್ಟೆ? ಅಂತ್ಯ 1799ರ ಮೇ 4 ಆದರೆ ಅದರ ಹಿಂದಿನದೆಲ್ಲ ಆ ದಿನದ ಕಡೆಗೆ ಹತ್ತಿದ ಮೆಟ್ಟಿಲುಗಳಾಗಿಬಿಡುತ್ತವೆ. ಇಂಗ್ಲಿಷರು ಗೆಲ್ಲಲೇಬೇಕಿತ್ತು, ಗೆದ್ದರು, ನಡುವೆ ಒಂದೆರಡು ಸಲ ಎಡವಿದರು ಎಂಬಂತೆ ಓದಿಸಿಕೊಳ್ಳುತ್ತದೆ. ಆದರೆ 1769ರ ವಸಂತದಲ್ಲಿ ಮದರಾಸಿನ ಕೌನ್ಸಿಲ್‌ನವರಿಗೆ ಹಾಗೆ ತೋರಿರಲಿಲ್ಲ. ಹೈದರಲಿ ಆಯ್ದ ಕುದುರೆ ಸವಾರರೊಂದಿಗೆ ಮದರಾಸಿನ ಬಾಗಿಲಿಗೇ ಬಂದು ನಿಂತಿದ್ದನು. ಅವರು ಅವಸರದಲ್ಲಿ ಒಪ್ಪಂದಕ್ಕೆ ಇಳಿದರು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ಮೂರನೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರುವುದು ಎಂದು ಕರಾರಾಯಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದವೂ ಸಮಬಲರ ನಡುವಿನ ಒಪ್ಪಂದವೇ. ಅದರ ಷರತ್ತುಗಳು ವಾರನ್ ಹೇಸ್ಟಿಂಗ್ಸನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಈ ಯುದ್ಧಗಳು ಪ್ರತ್ಯೇಕ ಲೇಖನಗಳಾಗಿದ್ದರೆ ಮಾತ್ರ ಓದುಗನಿಗೆ ಅವುಗಳ ಅಂದಿನ ಅಂತ್ಯ ಅಂತ್ಯವಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ನಾಲ್ಕನ್ನೂ ಒಂದಾಗಿಸಬಾರದು ಎನ್ನಲು ಇದೊಂದೇ ಕಾರಣ ಸಾಕು.

ಕಡಲೂರು ಯಾರ ಲೇಖನಕ್ಕೆ ಸೇರಬೇಕು?

ಎರಡನೆಯ ಯುದ್ಧ ಇನ್ನೂ ಸ್ವಾರಸ್ಯಕರ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಫ್ರಾನ್ಸ್ ಅಮೆರಿಕನ್ನರ ಪಕ್ಷ ವಹಿಸಿದಾಗ ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚರ ನೆಲೆಗಳ ಮೇಲೆ ಬಿದ್ದರು. 1779ರಲ್ಲಿ ಮಲಬಾರ್ ತೀರದ ಮಾಹೆಯನ್ನು ಹಿಡಿದರು. ಹೈದರನಿಗೆ ಮದ್ದುಗುಂಡು, ಆಯುಧ ಬರುತ್ತಿದ್ದುದು ಮಾಹೆಯ ಮೂಲಕ. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಎಚ್ಚರಿಸಿದ್ದನು. 1780ರ ಜುಲೈಯಲ್ಲಿ ಅವನು ಘಟ್ಟ ಇಳಿದು ಕರ್ನಾಟಿಕ್ ನಾಡಿಗೆ ನುಗ್ಗಲು ಇದೂ ಒಂದು ಕಾರಣ. ಡಚ್ಚರೂ ಇಂಗ್ಲಿಷರ ವೈರಿಗಳಾದ್ದರಿಂದ 1781ರಲ್ಲಿ ನಾಗಪಟ್ಟಣ ಡಚ್ಚರ ಕೈತಪ್ಪಿತು. ಅತ್ತ ಮರಾಠರೊಂದಿಗೆ ಇಂಗ್ಲಿಷರ ಇನ್ನೊಂದು ಯುದ್ಧ 1775ರಿಂದಲೇ ನಡೆಯುತ್ತಿದ್ದು, 1782ರ ಸಾಲ್ಬೈ ಒಪ್ಪಂದದಿಂದ ಮುಗಿಯಿತು. ಅದೇ ವರ್ಷದ ಡಿಸೆಂಬರ್ 7ರಂದು ಹೈದರಲಿ ಚಿತ್ತೂರಿನ ಬಳಿಯ ಪಾಳಯದಲ್ಲಿ ತೀರಿಕೊಂಡನು. ಯುದ್ಧ ಟಿಪ್ಪುವಿನ ಹೆಗಲಿಗೆ ಬಂತು.

1783ರ ಜೂನ್ ತಿಂಗಳಲ್ಲಿ ಕಡಲೂರಿನಲ್ಲಿದ್ದ ಫ್ರೆಂಚ್ ಸೇನಾಪತಿ ಬುಸ್ಸಿಯನ್ನು ಇಂಗ್ಲಿಷರು ಮುತ್ತಿದರು. ಸಮುದ್ರದಲ್ಲಿ ಸುಫ್ರೆನ್ ಮತ್ತು ಹ್ಯೂಸ್‌ರ ನೌಕಾಪಡೆಗಳು ಸೆಣಸಿದವು. ಅಷ್ಟರಲ್ಲಿ ಯುರೋಪಿನಲ್ಲಿ ಜನವರಿಯಲ್ಲಿಯೇ ಸಂಧಿಯಾಗಿತ್ತೆಂಬ ಸುದ್ದಿ ಬಂತು! ಐದು ತಿಂಗಳ ಹಡಗು ಪ್ರಯಾಣದ ನಂತರ ಬಂದ ಆ ಸುದ್ದಿಯಿಂದ ಕಡಲೂರಿನ ಗುಂಡಿನ ಸದ್ದು ನಿಂತಿತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಿಂದ ಹುಟ್ಟಿಕೊಂಡ ಕದನಗಳ ಪೈಕಿ ಕೊನೆಯವುಗಳಲ್ಲಿ ಇದನ್ನು ಎಣಿಸುವುದುಂಟು. ಈ ಸುದ್ದಿಯ ಬಿಸಿ ಪಶ್ಚಿಮ ಕರಾವಳಿಗೂ ತಟ್ಟಿತು. ಮಂಗಳೂರಿನ ಕೋಟೆಯಲ್ಲಿ ಕರ್ನಲ್ ಕ್ಯಾಂಬೆಲ್‌ನ ಪಡೆಯನ್ನು ಟಿಪ್ಪು ಮೇ ತಿಂಗಳಿಂದ ಮುತ್ತಿದ್ದನು. ಅವನ ಜೊತೆಗಿದ್ದ ಫ್ರೆಂಚರು ನಮ್ಮ ಯುದ್ಧ ಮುಗಿಯಿತೆಂದು ಹಿಂದೆ ಸರಿದರು. ಟಿಪ್ಪುವಿನ ಯುದ್ಧ ಮುಗಿದಿರಲಿಲ್ಲ. ಕೋಟೆಯೊಳಗಿನವರು ಹಸಿವು, ರೋಗಗಳಿಂದ ಬಳಲಿ 1784ರ ಜನವರಿ 30ರಂದು ಶರಣಾದರು.

ಈಗ ಕಡಲೂರಿನ ಮುತ್ತಿಗೆಯನ್ನು ಯಾವ ಲೇಖನಕ್ಕೆ ಸೇರಿಸಬೇಕು? ಫ್ರೆಂಚ್ ಇತಿಹಾಸಕಾರನಿಗೆ ಅದು ಸುಫ್ರೆನ್‌ನ ಸಾಹಸಗಾಥೆಯ ಕೊನೆಯ ಅಧ್ಯಾಯ. ಅಮೆರಿಕದವನಿಗೆ ತನ್ನ ದೇಶದ ಸ್ವಾತಂತ್ರ್ಯದ ದೂರದ ಪ್ರತಿಧ್ವನಿ. ಮೈಸೂರಿನ ದೃಷ್ಟಿಯಲ್ಲಿ ಮಿತ್ರನೊಬ್ಬ ನಡುದಾರಿಯಲ್ಲಿ ಕೈಬಿಟ್ಟ ಗಳಿಗೆ. ಮೂವರೂ ಹೇಳುವುದು ನಿಜ. ಮೂರು ಲೇಖನಗಳಲ್ಲಿ ಮೂರು ಬಾರಿ ಪೂರ್ತಿ ಬರೆಯುವುದು ದಂಡ. ಯಾವುದಾದರೊಂದರಲ್ಲಿ ಮುಳುಗಿಸಿದರೆ ಉಳಿದಿಬ್ಬರಿಗೆ ಅನ್ಯಾಯ. ಆದ್ದರಿಂದ ಇಂಥದ್ದಕ್ಕೆ ತನ್ನದೇ ಒಂದು ಲೇಖನ ಇರಬೇಕು. ಕತೆಯನ್ನು ಅಲ್ಲಿ ಒಮ್ಮೆ ಪೂರ್ತಿಯಾಗಿ ಹೇಳಿ, ಉಳಿದ ಮೂರು ಕಡೆ ನಾಲ್ಕು ಸಾಲು ಬರೆದು ಅತ್ತ ಕೈತೋರಿದರೆ ಸಾಕು. ಹಲವು ಯುದ್ಧಗಳ ಕೂಡುದಾರಿಯಲ್ಲಿರುವ ಘಟನೆಯನ್ನು ಒಂದು ಯುದ್ಧದ ಆಸ್ತಿಯಾಗಿ ಮಾಡಬಾರದು.

ಎಣಿಕೆಗೆ ಸಿಗದ ಯುದ್ಧಗಳು

ಒಂದು, ಎರಡು, ಮೂರು, ನಾಲ್ಕು ಎಂಬ ಈ ಎಣಿಕೆ ಯಾರದು? ಕಂಪನಿಯದು. ಕಂಪನಿಯ ಸೇನಾಧಿಕಾರಿಯಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಇತಿಹಾಸವನ್ನು ಬರೆದನು. ಅನಂತರ ಬಂದ ಇಂಗ್ಲಿಷ್ ಗ್ರಂಥಗಳು ಬಹುಮಟ್ಟಿಗೆ ಅವನನ್ನೇ ನೆಚ್ಚಿಕೊಂಡವು. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಇದ್ದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಪಾರ್ಸಿಯಲ್ಲಿ ಬರೆದ ‘ನಿಶಾನ್-ಎ-ಹೈದರಿ’ಯಲ್ಲಿ ಮರಾಠರ ಮೇಲಿನ ದಂಡಯಾತ್ರೆಗೂ ಪಾಳೆಯಗಾರರ ಮೇಲಿನ ದಂಡಯಾತ್ರೆಗೂ ಇಂಗ್ಲಿಷರ ಮೇಲಿನದಕ್ಕೂ ಒಂದೇ ಸಾಲಿನಲ್ಲಿ ಜಾಗವಿದೆ. ಶ್ರೀರಂಗಪಟ್ಟಣದ ಅರಮನೆಯಿಂದ ನೋಡಿದರೆ ಇಂಗ್ಲಿಷರು ಹಲವು ವೈರಿಗಳಲ್ಲಿ ಒಬ್ಬರು. ಬಹುಕಾಲ ಅವರು ಅತಿ ದೊಡ್ಡ ವೈರಿಯೂ ಆಗಿರಲಿಲ್ಲ. ಆ ಸ್ಥಾನ ಪುಣೆಗೆ ಸಲ್ಲುತ್ತದೆ.

1770ರಿಂದ 1772ರವರೆಗೆ ಪೇಶ್ವೆ ಮಾಧವರಾವನ ಸೈನ್ಯ ಮೈಸೂರನ್ನು ಹಣ್ಣುಗಾಯಿ ಮಾಡಿತು. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಹತ್ತಿರದ ಚಿನಕುರಳಿಯಲ್ಲಿ ಹೈದರ್ ಸೋತು, ಕಷ್ಟದಿಂದ ಶ್ರೀರಂಗಪಟ್ಟಣ ಸೇರಿದನು. 1769ರ ಕರಾರಿನಂತೆ ಮದರಾಸಿನವರು ನೆರವಿಗೆ ಬರಬೇಕಿತ್ತು. ಬೇಡಿದರೂ ಬರಲಿಲ್ಲ. 1780ರಲ್ಲಿ ಹೈದರ್ ಘಟ್ಟ ಇಳಿದಾಗ ಅವನ ಮನಸ್ಸಿನಲ್ಲಿದ್ದ ಕಹಿ ಇದೇ. ವಿಚಿತ್ರವೇನೆಂದರೆ, ಮೊದಲನೆಯ ಯುದ್ಧದ ಲೇಖನ 1769ರಲ್ಲಿ ನಿಲ್ಲುತ್ತದೆ, ಎರಡನೆಯದು 1780ರಲ್ಲಿ ಹುಟ್ಟುತ್ತದೆ, ಎರಡನ್ನೂ ಬೆಸೆಯುವ ಕೊಂಡಿ ಎರಡಕ್ಕೂ ಸೇರದೆ ಹೊರಗುಳಿಯುತ್ತದೆ. ಬಿಡಿ ಲೇಖನಗಳೇ ಸಾಕು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ನಾಲ್ಕೂ ಯುದ್ಧಗಳ ಮೇಲೊಂದು ಛಾವಣಿಯಂತೆ, ನಡುವಿನ ವರ್ಷಗಳನ್ನು ಬೆಸೆಯುವ ಒಂದು ಚಿಕ್ಕ ಲೇಖನ ಬೇಕೇ ಬೇಕು. ಅದು ಚಿಕ್ಕದಾಗಿಯೇ ಇರಬೇಕು. ಕಾಳಗಗಳ ವರ್ಣನೆಯನ್ನು ಅಲ್ಲಿಯೂ ತುಂಬಿದರೆ ಮತ್ತೆ ಹಳೆಯ ರೋಗವೇ.

1785ರಿಂದ 1787ರವರೆಗಿನ ಯುದ್ಧದ ಪಾಡು ಇನ್ನೂ ಕೆಟ್ಟದ್ದು. ನರಗುಂದದ ದೇಸಾಯಿಯ ವಿವಾದದಿಂದ ಹತ್ತಿಕೊಂಡ ಈ ಬೆಂಕಿ ಇಡೀ ಉತ್ತರ ಕರ್ನಾಟಕಕ್ಕೆ ಹಬ್ಬಿತು. 1786ರ ಮೇಯಲ್ಲಿ ಮರಾಠರೂ ನಿಜಾಮನ ಸೈನ್ಯವೂ ಬಾದಾಮಿಯನ್ನು ಹಿಡಿದವು. ಟಿಪ್ಪು ಆದವಾನಿಯನ್ನು ವಶಪಡಿಸಿಕೊಂಡು, ತುಂಗಭದ್ರೆಯನ್ನು ದಾಟಿ ಸವಣೂರಿಗೆ ನುಗ್ಗಿದನು. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಟಿಪ್ಪು ಬಾದಾಮಿ, ನರಗುಂದ, ಕಿತ್ತೂರುಗಳನ್ನು ಬಿಟ್ಟುಕೊಟ್ಟು ಹಣ ತೆರಲು ಒಪ್ಪಿದನು. ಇದರಲ್ಲಿ ಇಂಗ್ಲಿಷರ ಪಾತ್ರವಿಲ್ಲ, ಆದ್ದರಿಂದ ಎಣಿಕೆಯಲ್ಲಿ ಸ್ಥಾನವಿಲ್ಲ. ಬಾದಾಮಿ, ಸವಣೂರಿನ ರೈತನಿಗೆ ಮನೆಬಾಗಿಲಿಗೆ ಬಂದ ಯುದ್ಧ ಇದೇ. ನಾವು ಮಾತ್ರ ಅದಕ್ಕೊಂದು ಅಂಕಿಯನ್ನೂ ಕೊಟ್ಟಿಲ್ಲ. ‘ಆಂಗ್ಲೋ-ಮೈಸೂರು ಯುದ್ಧಗಳು’ ಎಂಬ ಒಂದೇ ಲೇಖನದಲ್ಲಿ ಎಲ್ಲವನ್ನೂ ವಿಲೀನಗೊಳಿಸಿದರೆ ಇದು ‘ಈ ಮಧ್ಯೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಮೂರನೆಯ ಯುದ್ಧಕ್ಕೂ ‘ಆಂಗ್ಲೋ-ಮೈಸೂರು’ ಎಂಬ ಹೆಸರು ಪೂರ್ತಿ ಒಪ್ಪುವುದಿಲ್ಲ. ಡಚ್ಚರು ಮಾರಿದ ಕೊಡುಂಗಲ್ಲೂರು ಕೋಟೆಯ ಜಗಳ, 1789ರ ಡಿಸೆಂಬರ್ 29ರಂದು ತಿರುವಾಂಕೂರಿನ ಗಡಿಗೋಡೆಯ ಮೇಲೆ ಟಿಪ್ಪುವಿನ ದಾಳಿ, ಇವು ಕಿಡಿಗಳು. ಆದರೆ ಅದು ಮೂವರ ಕೂಟದ ಯುದ್ಧ. ಮರಾಠರು ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರ ಏಪ್ರಿಲ್‌ನಲ್ಲಿ ಪಡೆದರು. ಕಾರ್ನ್‌ವಾಲಿಸ್ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೆ ಬಂದನು. ಅಲ್ಲಿ ಕಾಳಗ ಗೆದ್ದರೂ ಅವನ ಗತಿ ಸೋತವನದಾಗಿತ್ತು. ಮಳೆ ಹಿಡಿದಿತ್ತು, ಎತ್ತುಗಳು ಸತ್ತಿದ್ದವು, ಸೈನಿಕರಿಗೆ ಅಕ್ಕಿ ಇರಲಿಲ್ಲ. ದೊಡ್ಡ ಫಿರಂಗಿಗಳನ್ನು ಎಳೆಯಲಾರದೆ ತಾನೇ ಒಡೆಸಿಹಾಕಿ ಹಿಂದಿರುಗಿದನು. ಮೇಲುಕೋಟೆಯ ಸಮೀಪ ಕುದುರೆ ಸವಾರರ ದಂಡೊಂದು ಎದುರಾದಾಗ ವೈರಿಗಳೆಂದೇ ಇಂಗ್ಲಿಷರು ಭಾವಿಸಿದರು. ನೋಡಿದರೆ ಪರಶುರಾಮ ಭಾವೂ ಮತ್ತು ಹರಿಪಂತರ ಮರಾಠಾ ಸೈನ್ಯ. ಆ ಸೈನ್ಯದ ಬೆನ್ನಿಗೆ ಬಂದಿದ್ದ ಬಜಾರಿನಲ್ಲಿ ದುಬಾರಿ ಬೆಲೆಗಾದರೂ ದವಸಧಾನ್ಯ ಸಿಕ್ಕಿತು. ಆ ಬಜಾರು ಸಿಕ್ಕದಿದ್ದರೆ ಮುಂದಿನ ವರ್ಷದ ಶ್ರೀರಂಗಪಟ್ಟಣದ ಮುತ್ತಿಗೆಯ ಕತೆ ಬೇರೆಯೇ ಆಗುತ್ತಿತ್ತೇನೋ. ಇಂಥ ವಿವರಗಳು ವಿಲೀನದ ಕತ್ತರಿಗೆ ಮೊದಲು ಬಲಿಯಾಗುತ್ತವೆ. ಎಲ್ಲವನ್ನೂ ಸೇರಿಸಿ ಚಿಕ್ಕದು ಮಾಡುವಾಗ ಸೇನಾಪತಿಗಳ ಹೆಸರು ಉಳಿಯುತ್ತದೆ, ಎತ್ತು ಮತ್ತು ಅಕ್ಕಿ ಹೋಗುತ್ತವೆ.

ಕೊರಳಿಗೆ ಸಿಕ್ಕಿಕೊಳ್ಳುವ ಎರಡು ಸಂಗತಿಗಳು

ಇನ್ನು ನಮ್ಮ ನಾಡಿನಲ್ಲಿ ಪ್ರತಿ ವಾದವಿವಾದದಲ್ಲೂ ಮುಂದೆ ಬರುವ ಎರಡು ಘಟನೆಗಳ ಮಾತು. ಒಂದು, 1784ರಲ್ಲಿ ಕೆನರಾದ ಕ್ಯಾಥೊಲಿಕ್ ಕ್ರೈಸ್ತರ ಸೆರೆ. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಅವರನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸಂಖ್ಯೆಯ ಬಗ್ಗೆ 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಬದುಕುಳಿದವರು ಊರಿಗೆ ಮರಳಿದ್ದು 1799ರ ಅನಂತರ. ಇನ್ನೊಂದು, 1791ರಲ್ಲಿ ಮರಾಠರ ದಂಡಿನ ಪಿಂಡಾರಿಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು. ಆಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಶಾರದಾ ವಿಗ್ರಹದ ಪುನಃಪ್ರತಿಷ್ಠೆಗೆ ಹಣ, ಧಾನ್ಯಗಳನ್ನು ಕಳುಹಿಸಿಕೊಟ್ಟನು. ಮಠದಲ್ಲಿದ್ದ ಈ ಪತ್ರಗಳ ಕಟ್ಟನ್ನು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು.

ಇವೆರಡನ್ನೂ ಯುದ್ಧದ ಲೇಖನಗಳೊಳಗೆ ಸೇರಿಸಿಬಿಡಿ ಎಂದು ಕೆಲವರು ಹೇಳಬಹುದು. ಮೊದಲನೆಯದನ್ನು ಎರಡನೆಯ ಯುದ್ಧಕ್ಕೆ ಸೇರಿಸಿದರೆ ಲೇಖನ 1784ರಲ್ಲಿಯೇ ಮುಗಿಯುತ್ತದೆ, ಸೆರೆವಾಸದ ಹದಿನೈದು ವರ್ಷಗಳು ಎಲ್ಲಿ ಹೋಗಬೇಕು? ಒಂದು ಜನಾಂಗದ ಒಂದೂವರೆ ದಶಕದ ಸಂಕಟವನ್ನು ಯುದ್ಧದ ಒಂದು ಉಪಪರಿಣಾಮವೆಂಬಂತೆ ಎರಡು ಸಾಲಿನಲ್ಲಿ ಹೇಳುವುದು ಸರಿಯಲ್ಲ. ಹಾಗೆಯೇ ಶೃಂಗೇರಿಯ ಪತ್ರಗಳನ್ನು ಮೂರನೆಯ ಯುದ್ಧದ ಅಡಿಟಿಪ್ಪಣಿ ಮಾಡುವುದೂ ಸರಿಯಲ್ಲ. ಎರಡಕ್ಕೂ ಪ್ರತ್ಯೇಕ ಲೇಖನ ಬೇಕು. ನಮಗೆ ಹಿತವಾದುದನ್ನು ಪ್ರತ್ಯೇಕವಾಗಿಟ್ಟು, ಅಹಿತವಾದುದನ್ನು ದೊಡ್ಡ ಲೇಖನದಲ್ಲಿ ವಿಲೀನಗೊಳಿಸುವ ಜಾಣತನವನ್ನು ಯಾರು ಮಾಡಿದರೂ ಓದುಗ ಬೇಗ ಕಂಡುಹಿಡಿಯುತ್ತಾನೆ.

ಪ್ರತ್ಯೇಕವಾಗಿಡುವುದರಲ್ಲಿ ಒಂದು ಅಪಾಯವೂ ಇದೆ ಎಂಬುದನ್ನು ಮರೆಯುವಂತಿಲ್ಲ. ಸಂದರ್ಭದಿಂದ ಕಳಚಿಕೊಂಡ ಘಟನೆ ಕೈಗೆ ಸಿಕ್ಕ ಕಲ್ಲಿನಂತಾಗುತ್ತದೆ, ಯಾರು ಯಾರ ಮೇಲೆ ಬೇಕಾದರೂ ಎಸೆಯಬಹುದು. ಆದ್ದರಿಂದ ಅಂಥ ಲೇಖನದ ಮೊದಲ ಪರಿಚ್ಛೇದದಲ್ಲಿಯೇ ಅದರ ಹಿಂದುಮುಂದಿನ ಯುದ್ಧ ಯಾವುದು, ಆಗ ಯಾರು ಎಲ್ಲಿದ್ದರು ಎಂಬುದು ಬರಬೇಕು. ಮಂಗಳೂರು ಮುತ್ತಿಗೆ ತಿಳಿಯದವನಿಗೆ ಸೆರೆಯ ಕಾರಣ ತಿಳಿಯದು. ಕಾರಣ ಬೇರೆ, ಸಮರ್ಥನೆ ಬೇರೆ. ವಿಶ್ವಕೋಶ ಮೊದಲನೆಯದನ್ನು ಮಾತ್ರ ಕೊಟ್ಟರೆ ಸಾಕು.

ಎಲ್ಲಿ ಸೇರಿಸಬೇಕು, ಎಲ್ಲಿ ಬೇಡ

ಇಷ್ಟೆಲ್ಲ ಹೇಳಿದ ಮೇಲೆ ವಿಲೀನವೇ ತಪ್ಪು ಎಂದು ಯಾರೂ ತಿಳಿಯಬಾರದು. ‘ನಾಲ್ಕನೆಯ ಯುದ್ಧ’ ಮತ್ತು ‘1799ರ ಶ್ರೀರಂಗಪಟ್ಟಣದ ಮುತ್ತಿಗೆ’ ಇವೆರಡನ್ನೂ ಧಾರಾಳವಾಗಿ ಒಂದು ಮಾಡಬಹುದು. ಆ ಯುದ್ಧ ನಡೆದದ್ದೇ ಸುಮಾರು ಮೂರು ತಿಂಗಳು. ಫೆಬ್ರವರಿಯಲ್ಲಿ ಹ್ಯಾರಿಸನ ಸೈನ್ಯ ವೆಲ್ಲೂರಿನಿಂದ ಹೊರಟಿತು. ಮಾರ್ಚ್‌ನಲ್ಲಿ ಸಿದ್ದೇಶ್ವರ, ಮಳವಳ್ಳಿಯ ಕಾಳಗಗಳಾದವು. ಏಪ್ರಿಲ್ ಮೊದಲ ವಾರದಿಂದ ಮೇ 4ರವರೆಗೆ ಮುತ್ತಿಗೆ. ಮುತ್ತಿಗೆಯನ್ನು ತೆಗೆದರೆ ಯುದ್ಧದಲ್ಲಿ ಉಳಿಯುವುದು ಕಡಿಮೆ, ಯುದ್ಧವನ್ನು ಬಿಟ್ಟರೆ ಮುತ್ತಿಗೆಗೆ ತಲೆಬುಡವಿಲ್ಲ. ಎರಡು ಲೇಖನಗಳಿದ್ದರೆ ಅವು ಒಂದನ್ನೊಂದು ನಕಲು ಮಾಡುತ್ತಲೇ ಇರುತ್ತವೆ. ಅದೇ ಅಳತೆಯಲ್ಲಿ 1792ರ ಮುತ್ತಿಗೆಯನ್ನು ಮೂರನೆಯ ಯುದ್ಧದಲ್ಲಿ ಕರಗಿಸಬಾರದು. ಆ ಯುದ್ಧ ಎರಡು ವರ್ಷ, ತಿರುವಾಂಕೂರಿನಿಂದ ಧಾರವಾಡದವರೆಗೆ ಹರಡಿತ್ತು. ನಂದಿದುರ್ಗ, ಸಾವನದುರ್ಗಗಳ ಕತೆಗಳೇ ಬೇರೆ ಇವೆ. ‘ಮುತ್ತಿಗೆ’ ಎಂಬ ಒಂದೇ ಪದ ಎರಡು ಕಡೆ ಇದ್ದ ಮಾತ್ರಕ್ಕೆ ಒಂದೇ ತೀರ್ಮಾನ ಆಗಲಾರದು.

ಒಪ್ಪಂದಗಳನ್ನೂ ಯುದ್ಧದಿಂದ ಬೇರೆ ಇಡುವುದು ಒಳ್ಳೆಯದು. 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಯುದ್ಧಲೇಖನ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಕಂಪನಿಯ ಪಾಲಿಗೆ ಬಂದ ಬಾರಾಮಹಲ್‌ನಲ್ಲಿ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ನಡೆಸಿದ ಕಂದಾಯದ ಪ್ರಯೋಗಗಳಿಂದಲೇ ರಯತವಾರಿ ಪದ್ಧತಿ ಬೆಳೆದು ಬಂದದ್ದು. ಆ ಎಳೆಯನ್ನು ಹಿಡಿಯುವುದು ಒಪ್ಪಂದದ ಲೇಖನವೇ ಹೊರತು ಯುದ್ಧದ್ದಲ್ಲ. 1799ರ ಜೂನ್‌ನ ವಿಭಜನೆಯ ಒಪ್ಪಂದವೂ ಹಾಗೆಯೇ. ಅದರಂತೆ ಕೆನರಾ ಕಂಪನಿಗೆ ಸೇರಿತು. ಮನ್ರೋ ಇಲ್ಲಿಗೆ ಮೊದಲ ಕಲೆಕ್ಟರನಾಗಿ ಬಂದನು. ದಕ್ಷಿಣ ಕನ್ನಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಭಾಗವಾಗಿಯೇ ಉಳಿಯಿತು. ಮೇ 4ರ ಗೋಡೆಯ ಬಿರುಕಿನಿಂದ ಹೊರಟ ದಾರಿ ನಮ್ಮ ಹಿರಿಯರ ಶಾಲಾ ಪುಸ್ತಕಗಳವರೆಗೆ ಬಂದಿದೆ.

ವ್ಯಕ್ತಿಗಳ ಲೇಖನಗಳಿಂದ ಯುದ್ಧವನ್ನು ಆದಷ್ಟು ಹೊರಗೆ ತೆಗೆದರೆ ಎಷ್ಟೋ ಹಗುರವಾಗುತ್ತದೆ. ಆದರೂ ಕೆಲವು ಎಳೆಗಳು ವ್ಯಕ್ತಿಯಲ್ಲಿ ಮಾತ್ರ ಕಾಣುತ್ತವೆ. 1799ರಲ್ಲಿ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು 1784ರವರೆಗೆ ಅದೇ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಇದನ್ನು ಯಾವ ಯುದ್ಧದ ಲೇಖನವೂ ಪೂರ್ತಿ ಹೇಳಲಾರದು.

ಉಳಿದಿರುವುದು ಛಾವಣಿ ಲೇಖನದ ಹೆಸರು. ‘ಆಂಗ್ಲೋ-ಮೈಸೂರು ಯುದ್ಧಗಳು’ ಎಂಬುದು ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಹುಡುಕುವ ಮಕ್ಕಳು ಅದನ್ನೇ ಹುಡುಕುತ್ತಾರೆ, ಆದ್ದರಿಂದ ಅದನ್ನು ಅಳಿಸುವಂತಿಲ್ಲ. ‘ಹೈದರ್-ಟಿಪ್ಪು ಕಾಲದ ಮೈಸೂರು ಯುದ್ಧಗಳು’ ಎಂದು ಹೆಸರಿಟ್ಟು, ಹಳೆಯ ಹೆಸರಿನಿಂದ ಬಂದವರನ್ನು ಅಲ್ಲಿಗೆ ಕರೆತರುವುದು ನನಗೆ ಮೆಚ್ಚಿಗೆಯಾದ ಕ್ರಮ. ಆಗ ಚಿನಕುರಳಿಗೂ ಬಾದಾಮಿಗೂ ಅದರಡಿಯಲ್ಲಿ ಜಾಗ ಸಿಗುತ್ತದೆ. ನಾಲ್ಕು ಯುದ್ಧಗಳ ವಿಲೀನದ ಚರ್ಚೆ ಎಷ್ಟು ದಿನ ಬೇಕಾದರೂ ನಡೆಯಲಿ. ಅದಕ್ಕೆ ಮೊದಲು 1785-87ರ ಯುದ್ಧದ ಮೇಲೆ, ನರಗುಂದದಿಂದ ಗಜೇಂದ್ರಗಡದವರೆಗೆ, ಕನ್ನಡದಲ್ಲಿ ಒಂದು ಪೂರ್ಣ ಲೇಖನವನ್ನು ಯಾರಾದರೂ ಬರೆಯಬೇಕು.